ಕಳವಾದ ಅವಲಕ್ಕಿ ಸರ, ಫಾರಂ 4684

ಒಡವೆ ಕಳವಾದ ಮನೆಯವರು ಮೊದಲು ಪೊಲೀಸರಿಗೆ ಫೋನ್ ಮಾಡುತ್ತಾರೆ, ಆಮೇಲೆ ಊರಿಗೆ, ಆಮೇಲೆ ಇನ್ಶೂರೆನ್ಸ್‌ನವರಿಗೆ. ನನ್ನ ಸರದಿ ಬರುವುದು ಫೆಬ್ರುವರಿಯಲ್ಲಿ.

"ಅಕ್ಕಾ, ಹೋಗಿದ್ದಂತೂ ಹೋಯ್ತು. ಟ್ಯಾಕ್ಸಲ್ಲಾದ್ರೂ ಒಂದಿಷ್ಟು ವಾಪಸ್ ಬರುತ್ತಲ್ವಾ?"

ಬರಲ್ಲ. 2018ರಿಂದ ಈಚೆಗೆ ಬರಲ್ಲ. ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳಬಾರದು ಅಂತ ನನ್ನ ಯಜಮಾನರು ಹೇಳುತ್ತಿರುತ್ತಾರೆ. ಆದರೆ ಸುತ್ತಿ ಬಳಸಿ ಹೇಳಿದರೂ ಉತ್ತರ ಅದೇ ತಾನೆ.

ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ, ಹ್ಯೂಸ್ಟನ್ನಿನ ಪಶ್ಚಿಮಕ್ಕಿರುವ ಕೇಟಿಯಲ್ಲಿ ಕೂತು ಟ್ಯಾಕ್ಸ್ ರಿಟರ್ನ್ ಮಾಡಿಕೊಡುವುದು ನನ್ನ ಕೆಲಸ. ಹಾಸನದಲ್ಲಿ ಬಿ.ಕಾಂ. ಮಾಡಿ, ಮದುವೆಯಾಗಿ ಇಲ್ಲಿಗೆ ಬಂದು, ಮಕ್ಕಳು ಸ್ಕೂಲಿಗೆ ಹೋಗತೊಡಗಿದ ಮೇಲೆ ಇಲ್ಲಿಯ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಮೂರು ಭಾಗದ ಪರೀಕ್ಷೆ ಬರೆದು ಎನ್‌ರೋಲ್ಡ್ ಏಜೆಂಟ್, ಅಂದರೆ ಆ ಇಲಾಖೆಯ ಪರವಾನಗಿ ಪಡೆದ ತೆರಿಗೆ ಸಲಹೆಗಾರ್ತಿ, ಆದವಳು. ಬರುವವರಲ್ಲಿ ಮುಕ್ಕಾಲು ಪಾಲು ನಮ್ಮವರೇ. ನಮ್ಮವರ ಮನೆಯಲ್ಲಿ ಚಿನ್ನ ಇರುತ್ತದೆ, ಅದೂ ಮಲಗುವ ಕೋಣೆಯ ಅಲ್ಮೇರಾದಲ್ಲೇ ಇರುತ್ತದೆ ಎಂಬುದು ಇಲ್ಲಿಯ ಕಳ್ಳರಿಗೆ ಚೆನ್ನಾಗಿ ಗೊತ್ತು. ದೀಪಾವಳಿ ಹತ್ತಿರ ಬಂದಾಗ ಬ್ಯಾಂಕ್ ಲಾಕರ್‌ನಿಂದ ತಂದು, ಹಬ್ಬ ಮುಗಿದ ಮೇಲೆ ವಾಪಸ್ ಇಡಲು ಪುರುಸೊತ್ತಾಗದೆ ಉಳಿದ ಆ ಎರಡು ಮೂರು ವಾರವೇ ಅವರ ಸುಗ್ಗಿ. ಟಿವಿ, ಲ್ಯಾಪ್‌ಟಾಪ್ ಮುಟ್ಟುವುದೇ ಇಲ್ಲ.

ಒಂದು ಕಾಲಕ್ಕೆ ಇದಕ್ಕೆಲ್ಲ ತೆರಿಗೆಯಲ್ಲಿ ಜಾಗವಿತ್ತು. 1913ರಲ್ಲಿ ಅಮೆರಿಕದ ಈಗಿನ ಆದಾಯ ತೆರಿಗೆ ಶುರುವಾದಾಗಲೇ ಬೆಂಕಿ, ಬಿರುಗಾಳಿ, ಹಡಗು ಒಡೆಯುವುದು, ಇವುಗಳಿಂದಾಗಿ ಇನ್ಶೂರೆನ್ಸ್‌ನಿಂದ ತುಂಬಿಬರದ ನಷ್ಟವನ್ನು ಆದಾಯದಲ್ಲಿ ಕಳೆಯಬಹುದಿತ್ತು. 1916ರಲ್ಲಿ ಕಳ್ಳತನವೂ ಸೇರಿತು. ಹಡಗಿನ ಮಾತು ಇವತ್ತಿಗೂ ತೆರಿಗೆ ಕಾನೂನಿನ 165ನೇ ಸೆಕ್ಷನ್ನಿನಲ್ಲಿ ಹಾಗೇ ಕೂತಿದೆ. ಹಡಗು ಒಡೆಯಿತು ಅಂತ ಕೇಟಿಯಲ್ಲಿ ಇನ್ನೂ ಯಾರೂ ನನ್ನ ಬಾಗಿಲು ತಟ್ಟಿಲ್ಲ. ಆಮೇಲೆ ಕಾಂಗ್ರೆಸ್ಸಿನವರು, ಅಂದರೆ ಇಲ್ಲಿಯ ಸಂಸತ್ತಿನವರು, ಒಂದೊಂದೇ ತಡೆ ಕಟ್ಟುತ್ತ ಬಂದರು. 1964ರಲ್ಲಿ ಪ್ರತಿ ಘಟನೆಯ ಮೊದಲ 100 ಡಾಲರ್ ಲೆಕ್ಕಕ್ಕಿಲ್ಲ ಅಂದರು. 1982ರ ಕಾನೂನಿನಲ್ಲಿ, ಕೆಲವು ನಿಗದಿತ ಬಾಬತ್ತು ಕಳೆದ ವರ್ಷದ ಒಟ್ಟು ಆದಾಯದ (ನಾವು ಎಜಿಐ ಅನ್ನುತ್ತೇವೆ) ಶೇ. 10ನ್ನು ಮೀರಿದ ನಷ್ಟ ಮಾತ್ರ ಲೆಕ್ಕಕ್ಕೆ ಅಂದರು. ಗಂಡ ಹೆಂಡತಿ ಇಬ್ಬರೂ ದುಡಿದು ಎರಡು ಲಕ್ಷ ಡಾಲರ್ ತರುವ ಮನೆಯಲ್ಲಿ ಇಪ್ಪತ್ತು ಸಾವಿರದವರೆಗಿನ ಕಳ್ಳತನ ಅಲ್ಲಿಗೇ ಮುಗಿಯಿತು. ಕೊನೆಗೆ 2017ರ ಡಿಸೆಂಬರ್‌ನಲ್ಲಿ ಬಂದ ಕಾನೂನು ಬಾಗಿಲನ್ನೇ ಹಾಕಿತು: ಅಮೆರಿಕದ ಅಧ್ಯಕ್ಷರು ವಿಪತ್ತು ಎಂದು ಘೋಷಿಸಿದ ಘಟನೆಯಿಂದ ಆದ ನಷ್ಟಕ್ಕೆ ಮಾತ್ರ ಕಡಿತ. ಮನೆಗೆ ಕಳ್ಳ ನುಗ್ಗಿದ್ದಕ್ಕೆ ಅಧ್ಯಕ್ಷರು ಏನನ್ನೂ ಘೋಷಿಸುವುದಿಲ್ಲ. ಅಡುಗೆಮನೆಯಲ್ಲಿ ಬೆಂಕಿ ಹತ್ತಿ ಮನೆ ಸುಟ್ಟರೂ ಅಷ್ಟೇ.

2025ಕ್ಕೆ ಇದು ಮುಗಿಯುತ್ತದೆ, 2026ರಿಂದ ಹಳೆಯದೇ ವಾಪಸ್ ಅಂತ ನಾನೂ ಎಷ್ಟೋ ಜನರಿಗೆ ಹೇಳಿದ್ದೆ, ಏಕೆಂದರೆ ಕಾನೂನಿನಲ್ಲಿ ಬರೆದಿದ್ದೇ ಹಾಗೆ. 2025ರ ಜುಲೈ 4ರಂದು ಸಹಿಯಾದ ಹೊಸ ಕಾನೂನು ಅದನ್ನು ಕಾಯಂ ಮಾಡಿತು. ಈಗಲೂ ಹಳೆಯ ಲೇಖನ ಓದಿಕೊಂಡು "2026ಕ್ಕೆ ಸಿಗುತ್ತಂತಲ್ಲ" ಅನ್ನುವವರು ಬರುತ್ತಲೇ ಇದ್ದಾರೆ.

ಊರಲ್ಲಾದರೂ ಏನಿದೆ ಹೇಳಿ. ಹಾಸನದಲ್ಲಿ ಮನೆ ಕಳ್ಳತನವಾದರೆ ಸಂಬಳದವನಿಗೆ ಇನ್‌ಕಂ ಟ್ಯಾಕ್ಸ್ ನೆನಪೇ ಆಗುವುದಿಲ್ಲ. ಅಲ್ಲಿ ಅಂಥ ಕಡಿತವೇ ಇಲ್ಲ. ಇಲ್ಲಿ ಇದ್ದು ಹೋಗಿದೆ, ಅದಕ್ಕೇ ಸಂಕಟ.

ಈ ಸಲ ಬಂದ ಒಬ್ಬಳು ಹುಡುಗಿಯ ಲೆಕ್ಕ ಹೇಳುತ್ತೇನೆ. ಗುರುತು ಸಿಗದ ಹಾಗೆ ಅಂಕಿ ಸ್ವಲ್ಪ ಬದಲಿಸಿದ್ದೇನೆ. 2025ರ ದೀಪಾವಳಿ ಪಾರ್ಟಿಗೆ ಹೋಗಿ ಬರುವಷ್ಟರಲ್ಲಿ ಹಿಂದಿನ ಬಾಗಿಲು ಒಡೆದಿತ್ತು. ಅಮ್ಮ ಮದುವೆಗೆ ಕೊಟ್ಟ ನಲವತ್ತು ಗ್ರಾಂ ಅವಲಕ್ಕಿ ಸರ, ಅವಳೇ 2019ರಲ್ಲಿ ಇಲ್ಲಿ ಕೊಂಡ ಒಂದು ಜೊತೆ ಬಳೆ ಹೋದವು. ಚಿನ್ನ ಔನ್ಸಿಗೆ ನಾಲ್ಕು ಸಾವಿರ ಡಾಲರ್ ದಾಟಿದ್ದ ತಿಂಗಳು ಅದು. ಸರವೊಂದೇ ನಾಲ್ಕೂವರೆ ಸಾವಿರ ಡಾಲರ್ ಮೀರುತ್ತಿತ್ತು, ಬಳೆ ಇನ್ನೊಂದು ಎರಡೂಮುಕ್ಕಾಲು ಸಾವಿರ.

ಇನ್ಶೂರೆನ್ಸ್‌ನವರು ಕೊಟ್ಟಿದ್ದು 1,500 ಡಾಲರ್. ಇಲ್ಲಿಯ ಸಾಮಾನ್ಯ ಮನೆ ಪಾಲಿಸಿಯಲ್ಲಿ ಒಡವೆ ಕಳ್ಳತನಕ್ಕೆ ಇರುವ ಮಿತಿಯೇ ಬಹುತೇಕ ಅಷ್ಟು. ಮನೆಗೆ ಐದು ಲಕ್ಷದ ಪಾಲಿಸಿ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಇರುವವರು ಆ ಕಾಗದದ ಒಳಪುಟವನ್ನು ಒಮ್ಮೆ ಓದಬೇಕು. ಒಂದೊಂದು ಒಡವೆಯನ್ನೂ ಬೆಲೆಕಟ್ಟಿಸಿ, ಪಟ್ಟಿ ಮಾಡಿ, ಹೆಚ್ಚಿನ ಪ್ರೀಮಿಯಂ ಕಟ್ಟಿ ಪಾಲಿಸಿಗೆ ಸೇರಿಸಿದರೆ ಮಾತ್ರ ಪೂರ್ತಿ ಬೆಲೆ ಬರುತ್ತದೆ. ಇದನ್ನು ಮಾಡಿಸಿದವರು ನನಗೆ ಗೊತ್ತಿದ್ದ ಹಾಗೆ ಬೆರಳೆಣಿಕೆ.

"ಐದಾರು ಸಾವಿರ ನಷ್ಟ ಅಲ್ವಾ ಅಕ್ಕಾ?" ಅಂದಳು. ತೆರಿಗೆಯ ಕಣ್ಣಿಗೆ ಅದೂ ಅಲ್ಲ. ಕಡಿತ ಸಿಗುತ್ತಿದ್ದ ಕಾಲದಲ್ಲೂ ಲೆಕ್ಕ ಇವತ್ತಿನ ಬೆಲೆಯ ಮೇಲೆ ಇರಲಿಲ್ಲ. ಎರಡರಲ್ಲಿ ಯಾವುದು ಕಡಿಮೆಯೋ ಅದು: ವಸ್ತುವಿನ ಮಾರುಕಟ್ಟೆ ಬೆಲೆಯಲ್ಲಿ ಆದ ಇಳಿಕೆ, ಇಲ್ಲವೇ ಅದನ್ನು ಕೊಂಡ ಬೆಲೆ. ಉಡುಗೊರೆಯಾಗಿ ಬಂದದ್ದಾದರೆ ಕೊಟ್ಟವರು ಕೊಂಡ ಬೆಲೆ. ಅವಳ ಅಮ್ಮ ಆ ಸರ ಮಾಡಿಸಿದ್ದು 1985ರಲ್ಲಿ. ರಸೀದಿ ಇದೆಯಾ ಅಂತ ಕೇಳಿಸಿದೆ. ಆಶ್ಚರ್ಯ, ಇತ್ತು! ಆ ತಲೆಮಾರಿನವರು ಕಾಗದ ಎಸೆಯುವುದಿಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಬಂತು, ಹಳದಿಯಾದ ಚೀಟಿ, ಮಜೂರಿ ಸೇರಿ ಎಂಟು ಸಾವಿರ ಚಿಲ್ಲರೆ ರೂಪಾಯಿ. ಆಗ ಹತ್ತು ಗ್ರಾಂಗೆ ಎರಡು ಸಾವಿರ ರೂಪಾಯಿ ಆಸುಪಾಸು, ಡಾಲರಿಗೆ ಹನ್ನೆರಡು ರೂಪಾಯಿ ಆಸುಪಾಸು. ಐಆರ್‌ಎಸ್ ಪಾಲಿಗೆ ಆ ಅವಲಕ್ಕಿ ಸರದ ಬೆಲೆ ಸುಮಾರು 700 ಡಾಲರ್.

ಅದೇ ಸರ ಅಜ್ಜಿ ತೀರಿಕೊಂಡ ಮೇಲೆ ಆಸ್ತಿಯಾಗಿ ಬಂದಿದ್ದರೆ? ಆಗ ಅಜ್ಜಿ ಹೋದ ದಿನದ ಮಾರುಕಟ್ಟೆ ಬೆಲೆ ಹಿಡಿಯಬಹುದು. ಬದುಕಿರುವಾಗ ಪ್ರೀತಿಯಿಂದ ಕೊಟ್ಟದ್ದಕ್ಕೆ ಹಳೆಯ ಬೆಲೆ, ಸತ್ತ ಮೇಲೆ ಬಂದದ್ದಕ್ಕೆ ಹೊಸ ಬೆಲೆ.

ಈಗ ಅಸಲು ತಮಾಷೆ ಕೇಳಿ. ಇನ್ಶೂರೆನ್ಸಿನ 1,500ನ್ನು ಎರಡೂ ಒಡವೆಗೆ ಅವುಗಳ ಬೆಲೆಯ ಪ್ರಕಾರ ಹಂಚಿದರೆ ಸರಕ್ಕೆ 940, ಬಳೆಗೆ 560. ಸರದ ಮೇಲೆ 700 ಹಾಕಿ 940 ಪಡೆದ ಹಾಗಾಯಿತು, ಅಂದರೆ 240 ಡಾಲರ್ ಲಾಭ! ಕಳ್ಳ ಹೊತ್ತುಕೊಂಡು ಹೋದದ್ದರಲ್ಲಿ ಲಾಭ. ನಷ್ಟಕ್ಕೆ ಬಾಗಿಲು ಹಾಕಿದ ಅದೇ ಕಾನೂನು ಲಾಭಕ್ಕೆ ಹಾಕಿಲ್ಲ. ಆದರೆ ಒಂದು ಕಿಂಡಿ ಬಿಟ್ಟಿದ್ದಾರೆ: ಇಂಥ ಲಾಭವಿದ್ದರೆ, ಅದು ಮುಗಿಯುವವರೆಗೆ ಘೋಷಿತ ವಿಪತ್ತಲ್ಲದ ನಷ್ಟವನ್ನೂ ಅದರ ಎದುರು ವಜಾ ಮಾಡಬಹುದು. ಬಳೆಗೆ ಅವಳು ಕೊಟ್ಟದ್ದು 1,150, ಬಂದದ್ದು 560, ನಷ್ಟ 590. ಮೊದಲ 100 ಬಿಟ್ಟು 490. ಅದರಲ್ಲಿ 240 ಸರದ ಲಾಭಕ್ಕೆ ವಜಾ. ಮಿಕ್ಕ 250 ಎಲ್ಲಿಗೂ ಇಲ್ಲ. ಇಂಥ ನಷ್ಟ ತೋರಿಸುವ ಫಾರಂ 4684 ತುಂಬಿ, ತೆರಿಗೆಯೂ ಸೊನ್ನೆ, ಕಡಿತವೂ ಸೊನ್ನೆ ಅಂತ ತೋರಿಸಿದೆ. ಅವಳು ಆ ಹಾಳೆಯನ್ನೇ ಸ್ವಲ್ಪ ಹೊತ್ತು ನೋಡಿ, "ಇದಕ್ಕೂ ನಿಮ್ಮ ಫೀಸ್ ಇದೆಯಾ ಅಕ್ಕಾ?" ಅಂದಳು. ತಗೊಳ್ಳಲಿಲ್ಲ ಬಿಡಿ.

ಪಟ್ಟಿ ಮಾಡಿಸಿ ಪೂರ್ತಿ ಇನ್ಶೂರೆನ್ಸ್ ಪಡೆದವರಿಗೆ ಇದು ಇನ್ನೂ ದೊಡ್ಡ ಮಾತು. ಏಳುನೂರರ ಸರಕ್ಕೆ ನಾಲ್ಕು ಸಾವಿರದ ಏಳುನೂರು ಬಂತು ಅಂದುಕೊಳ್ಳಿ, ನಾಲ್ಕು ಸಾವಿರ ಲಾಭ. ಆ ಹಣದಲ್ಲಿ ಅಂಥದೇ ಒಡವೆ ಮತ್ತೆ ಮಾಡಿಸಿದರೆ ತೆರಿಗೆಯನ್ನು ಮುಂದೂಡಬಹುದು. ಲಾಭವಾದ ವರ್ಷ ಮುಗಿದ ಮೇಲೆ ಎರಡು ವರ್ಷದ ಅವಕಾಶವಿದೆ. ಚೆಕ್ ಬಂದ ಖುಷಿಯಲ್ಲಿ ಅಡುಗೆಮನೆ ರಿಪೇರಿ ಮಾಡಿಸಿದರೆ ಅವಕಾಶ ಹೋಯಿತು.

ಇನ್ನು ನೀರಿನ ವಿಷಯ. ಕೇಟಿಯಲ್ಲಿ ಇದ್ದವರಿಗೆ ಹಾರ್ವೆ ಚಂಡಮಾರುತ ಅಂದರೆ ಸಾಕು. 2017ರ ಆಗಸ್ಟ್ ಕೊನೆಯಲ್ಲಿ ಬಾರ್ಕರ್ ಜಲಾಶಯದ ನೀರು ಹಿಂದಕ್ಕೆ ಒತ್ತಿ ಮನೆಗಳೊಳಗೆ ಬಂತು. ಪ್ರವಾಹದ ನಕ್ಷೆಯಲ್ಲಿ ಇಲ್ಲದ ಬೀದಿಗಳು ಅವು, ಆದ್ದರಿಂದ ಬಹಳ ಜನರ ಹತ್ತಿರ ಪ್ರವಾಹದ ಪಾಲಿಸಿ ಇರಲಿಲ್ಲ. ಸಾಮಾನ್ಯ ಮನೆ ಪಾಲಿಸಿ ನೆರೆಯನ್ನು ಒಳಗೊಳ್ಳುವುದಿಲ್ಲ. ಆ ವರ್ಷ ಕಾಂಗ್ರೆಸ್ ಉದಾರವಾಗಿತ್ತು. ಸೆಪ್ಟೆಂಬರ್ ಕೊನೆಗೇ ವಿಶೇಷ ಕಾನೂನು ಮಾಡಿ, ಶೇ. 10ರ ತಡೆ ತೆಗೆದು, 100ರ ಜಾಗದಲ್ಲಿ 500 ಇಟ್ಟು, ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ಲೆಕ್ಕ ಕೊಡದೆ ಸಿಗುವ ನಿಗದಿತ ಕಡಿತ) ತಗೊಳ್ಳುವವರಿಗೂ ಈ ನಷ್ಟವನ್ನು ಅದರ ಮೇಲೆ ಸೇರಿಸಿಕೊಳ್ಳಲು ಬಿಟ್ಟಿತು. ಈ ಕೊನೆಯದೇ ದೊಡ್ಡ ವಿಷಯ. 2025ರಲ್ಲಿ ಗಂಡ ಹೆಂಡತಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ 31,500 ಡಾಲರ್ ಇತ್ತು. ಅದನ್ನು ಬಿಟ್ಟು ಒಂದೊಂದನ್ನೇ ಎಣಿಸಿ ತೋರಿಸುವವರು ಕಡಿಮೆ. ಸಾಮಾನ್ಯ ನಿಯಮದಲ್ಲಿ, ಎಣಿಸಿ ತೋರಿಸದವರಿಗೆ ಮನೆ ಕೊಚ್ಚಿಹೋದರೂ ಕಡಿತವಿಲ್ಲ.

ಐಆರ್‌ಎಸ್‌ನದೊಂದು 584ನೇ ಪುಸ್ತಿಕೆ ಇದೆ. ಕೋಣೆ ಕೋಣೆಗೂ ಒಂದು ಕೋಷ್ಟಕ: ಹಜಾರ, ಊಟದ ಮನೆ, ಅಡುಗೆಮನೆ, ಬಚ್ಚಲು, ಗ್ಯಾರೇಜ್, ಗಂಡಸರ ಬಟ್ಟೆ, ಹೆಂಗಸರ ಬಟ್ಟೆ. ವಸ್ತು, ಕೊಂಡ ಬೆಲೆ, ಮೊದಲಿದ್ದ ಬೆಲೆ, ಆಮೇಲಿನ ಬೆಲೆ ತುಂಬುತ್ತ ಹೋಗಬೇಕು. ಹಾರ್ವೆ ಆದ ಚಳಿಗಾಲದಲ್ಲಿ ನಮ್ಮ ಊಟದ ಮೇಜಿನ ಮೇಲೆ ಎಷ್ಟು ಮನೆಗಳ ಸಾಮಾನು ಹರಡಿದ್ದೆವೋ! ದೇವರ ಮನೆಗೆ ಅದರಲ್ಲಿ ಪುಟವಿಲ್ಲ. ಬೆಳ್ಳಿ ದೀಪ, ತಾಮ್ರದ ಚೊಂಬು, ಸಾಲಿಗ್ರಾಮದ ಪೆಟ್ಟಿಗೆಯನ್ನೆಲ್ಲ "ಇತರೆ"ಯಲ್ಲಿ ಬರೆದೆವು. ಹೆಂಗಸರ ಬಟ್ಟೆಯ ಪುಟದಲ್ಲಿ ಕೋಟು, ಶೂಗಳ ಸಾಲು ಉಂಟು, ರೇಷ್ಮೆ ಸೀರೆ ಇಲ್ಲ. ಸೀರೆ ಎಷ್ಟು ಅಂತ ಕೇಳಿದರೆ ಗಂಡನ ಎದುರು ಯಾರೂ ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ಬೇರೆಯಾಗಿ ಫೋನ್ ಮಾಡಿ ಸರಿಯಾದ ಸಂಖ್ಯೆ ಹೇಳುತ್ತಿದ್ದರು.

ಆ ಡಿಸೆಂಬರ್‌ನಲ್ಲಿ ಐಆರ್‌ಎಸ್ ಒಂದು ಸುಲಭದ ದಾರಿ ಕೊಟ್ಟಿತು: ವಿಪತ್ತಿನಲ್ಲಿ ಹಾಳಾದ ಮನೆಸಾಮಾನಿಗೆ ಹೊಸದು ಕೊಳ್ಳುವ ಇವತ್ತಿನ ಬೆಲೆ ಹಿಡಿದು, ಇಟ್ಟುಕೊಂಡ ಪ್ರತಿ ವರ್ಷಕ್ಕೆ ಶೇ. 10ರಂತೆ ಕಳೆಯಿರಿ, ಒಂಬತ್ತು ವರ್ಷ ಮೀರಿದ್ದಕ್ಕೆ ಉಳಿಯುವುದು ಶೇ. 10 ಮಾತ್ರ. ಮೂರು ವರ್ಷದ ಹಿಂದೆ ತಂದ ಮೈಸೂರು ಸಿಲ್ಕ್ ಶೇ. 70ರಲ್ಲಿ ನಿಂತಿತು, ಅತ್ತೆ ಕೊಟ್ಟ ಹಳೆಯ ಸೀರೆ ಶೇ. 10ಕ್ಕೆ ಇಳಿಯಿತು. ವರ್ಷ ಕಳೆದಂತೆ ಬೆಲೆ ಏರುವ ವಸ್ತುಗಳಿಗೆ, ಅಂದರೆ ನಮ್ಮ ಚಿನ್ನದಂಥದ್ದಕ್ಕೆ, ಈ ಸೂತ್ರ ಹೊಂದುವುದಿಲ್ಲ. ಮನೆಯ ಲೆಕ್ಕ ಬೇರೆ. ಮನೆ, ಜಾಗ, ಅಂಗಳದ ಮರ ಎಲ್ಲ ಸೇರಿ ಒಂದೇ ಆಸ್ತಿ. ಮೊದಲಿನ ಸ್ಥಿತಿಗೆ ತರಲು ತಗುಲಿದ ರಿಪೇರಿ ಖರ್ಚನ್ನು ಬೆಲೆ ಇಳಿಕೆಯ ಅಳತೆಯಾಗಿ ಹಿಡಿಯಬಹುದು. ಹಳೆಯ ಕಾರ್ಪೆಟ್ ಹೋಗಿ ಗ್ರಾನೈಟ್ ಬಂದಿದ್ದರೆ ಆ ಹೆಚ್ಚುವರಿ ಮಾತ್ರ ಬರುವುದಿಲ್ಲ.

2021ರ ಫೆಬ್ರುವರಿಯ ಚಳಿ ಇನ್ನೊಂದು. ಟೆಕ್ಸಸ್‌ನ ಕರೆಂಟ್ ಹೋಗಿ, ಅಟ್ಟದಲ್ಲಿ ಹಾದುಹೋದ ನೀರಿನ ಪೈಪು ಹೆಪ್ಪುಗಟ್ಟಿ ಒಡೆದು, ಚಾವಣಿ ಕೆಳಗೆ ಬಂತು. ಅಧ್ಯಕ್ಷರು ವಿಪತ್ತು ಎಂದು ಘೋಷಿಸಿದರು, ಆ ಘೋಷಣೆಯ ಸಂಖ್ಯೆ ಡಿಆರ್-4586. ಆದರೂ ಆಗ ಹೆಚ್ಚಿನವರಿಗೆ ಏನೂ ಸಿಗಲಿಲ್ಲ. ಒಂದು ಮನೆಯದು ನೆನಪಿದೆ: ರಿಪೇರಿ 27,000, ಇನ್ಶೂರೆನ್ಸ್ 16,500, ಕೈಯಿಂದ ಹೋದದ್ದು 10,500. ಅವರ ಎಜಿಐ 1,40,000, ಶೇ. 10 ಅಂದರೆ 14,000. ನಷ್ಟ ಆ ತಡೆಯನ್ನೇ ಮುಟ್ಟಲಿಲ್ಲ. ಫೈಲ್ ಮುಚ್ಚಿಟ್ಟೆ.

2024ರ ಡಿಸೆಂಬರ್ 12ಕ್ಕೆ ಒಂದು ಕಾನೂನು ಸಹಿಯಾಯಿತು. ಹಾರ್ವೆಗೆ ಕೊಟ್ಟಂಥ ಸೌಲಭ್ಯವನ್ನು 2020ರಿಂದ ಈಚಿನ ದೊಡ್ಡ ವಿಪತ್ತುಗಳಿಗೆಲ್ಲ ಹಿಂದಿನಿಂದಲೇ ಅನ್ವಯಿಸಿದರು. ಸುದ್ದಿ ಓದಿ ಮಧ್ಯರಾತ್ರಿಯೇ ಹಳೆಯ ಫೈಲುಗಳನ್ನು ತೆಗೆದೆ, ಏಕೆಂದರೆ 2021ರ ರಿಟರ್ನ್ ತಿದ್ದಿ ಹಣ ಕೇಳಲು ಇದ್ದದ್ದು ಬರುವ ಏಪ್ರಿಲ್ ಮಧ್ಯದವರೆಗೆ ಮಾತ್ರ. ಅದೇ ಮನೆಗೆ ಈಗ ಲೆಕ್ಕ ಹೀಗೆ: 10,500ರಲ್ಲಿ 500 ಬಿಟ್ಟು 10,000, ಅದು ಆ ವರ್ಷದ 25,100ರ ಸ್ಟ್ಯಾಂಡರ್ಡ್ ಡಿಡಕ್ಷನ್ ಮೇಲೆ ಕೂಡುತ್ತದೆ, ಅವರದು ಶೇ. 22ರ ಹಂತ, ವಾಪಸ್ 2,200 ಡಾಲರ್. ಫೋನ್ ಮಾಡಿ ಹೇಳಿದರೆ ಆತ ನಂಬಲಿಲ್ಲ. "ಮೇಡಂ, ನಿಮ್ಮ ಹೆಸರಲ್ಲಿ ಯಾರೋ ಸ್ಕ್ಯಾಮ್ ಮಾಡ್ತಿದಾರೆ ಅಂದ್ಕೊಂಡೆ" ಅಂತ ಆಮೇಲೆ ನಕ್ಕರು. ನನ್ನನ್ನು ಕೇಳಿದರೆ, ಹೀಗೆ ವರ್ಷಗಟ್ಟಲೆ ಬಿಟ್ಟು ಹಿಂದಿನಿಂದ ಕೊಡುವ ಸೌಲಭ್ಯ ಸೌಲಭ್ಯವೇ ಅಲ್ಲ. ಮನೆ ಒದ್ದೆಯಾದಾಗ ಕ್ರೆಡಿಟ್ ಕಾರ್ಡಿನಲ್ಲಿ ಸಾಲ ಮಾಡಿ ಚಾವಣಿ ಹಾಕಿಸಿದವರಿಗೆ ಸುಮಾರು ನಾಲ್ಕು ವರ್ಷದ ಮೇಲೆ ಗೊತ್ತಾಗಿ ಏನು ಪ್ರಯೋಜನ? ಅದೂ ಯಾರೋ ಒಬ್ಬರು ನೆನಪಿಟ್ಟುಕೊಂಡು ಹೇಳಿದರೆ.

ಅದೇ ಬೀದಿಯ ಇನ್ನೊಬ್ಬರ ವಾಟರ್ ಹೀಟರ್ ತುಕ್ಕು ಹಿಡಿದು ಸೋರಿ ನೆಲ ಹಾಳಾಗಿತ್ತು, ಚಳಿಯ ಮರು ತಿಂಗಳು. ಅವರಿಗೆ ಇಲ್ಲ. ನಷ್ಟ ಹಠಾತ್ತಾಗಿ, ಅನಿರೀಕ್ಷಿತವಾಗಿ, ಅಸಾಮಾನ್ಯವಾಗಿ ಆಗಿರಬೇಕು. ಗೆದ್ದಲು ತಿಂದದ್ದು, ತುಕ್ಕು ಹಿಡಿದದ್ದು, ನಿಧಾನಕ್ಕೆ ಸೋರಿದ್ದು ಸಾಮಾನ್ಯವಾಗಿ ಇದರೊಳಗೆ ಬರುವುದಿಲ್ಲ.

ಇದರ ಮೇಲೆ ಕೋರ್ಟುಗಳು ಕೊಟ್ಟ ತೀರ್ಪುಗಳನ್ನು ಪರೀಕ್ಷೆಗೆ ಓದುವಾಗ ನಾನು ಒಬ್ಬಳೇ ನಗುತ್ತಿದ್ದೆ. 1950ರದೊಂದು, ದಕ್ಷಿಣ ಕೆರೊಲಿನಾದ್ದು: ಹೆಂಡತಿ ಉಂಗುರಗಳನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಹಾಸಿಗೆಯ ಪಕ್ಕ ಇಟ್ಟಳು, ನೆಗಡಿ ಹಿಡಿದಿದ್ದ ಗಂಡ ತನ್ನ ಟಿಶ್ಯೂಗಳ ಜೊತೆ ಅದನ್ನೂ ಟಾಯ್ಲೆಟ್ಟಿಗೆ ಹಾಕಿ ನೀರು ಬಿಟ್ಟ. ಕಡಿತವಿಲ್ಲ ಅಂದರು. 1967ರದು ಇನ್ನೊಂದು: ಗಂಡ ಕಾರಿನ ಬಾಗಿಲು ಹಾಕಿದಾಗ ಹೆಂಡತಿಯ ಕೈ ಸಿಕ್ಕಿಕೊಂಡು, ಉಂಗುರ ಜಖಂ ಆಗಿ ವಜ್ರ ಹಾರಿಹೋಯಿತು. ಇದಕ್ಕೆ ಕಡಿತ ಉಂಟು! ಹೊಡೆತ ಬಿದ್ದಿದೆ, ಹಠಾತ್ತಾಗಿ ಆಗಿದೆ. 1961ರಲ್ಲಿ ಸಯಾಮೀ ಬೆಕ್ಕೊಂದು ಹುಚ್ಚೆದ್ದು ಹೂದಾನಿ ಒಡೆದದ್ದಕ್ಕೆ ಇಲ್ಲ. 1987ರ ತೀರ್ಪಿನ ಗಂಡನದು ನಗುವ ಮಾತಲ್ಲ. ಹೆಂಡತಿಯ ಮೇಲಿನ ಸಿಟ್ಟಿಗೆ ಅವಳ ಬಟ್ಟೆಯನ್ನು ಒಲೆಯ ಮೇಲೆ ಹಾಕಿ ಸುಟ್ಟ, ಬೆಂಕಿ ಮನೆಗೇ ಹತ್ತಿತು. 97 ಸಾವಿರ ಡಾಲರ್‌ಗೂ ಮಿಕ್ಕಿ ಕಡಿತ ಕೇಳಿದ. ಕೊಡಲಿಲ್ಲ. ಕೇಳುವ ಧೈರ್ಯವಾದರೂ ಹೇಗೆ ಬಂತೋ.

ಈಗ ಬರುವ ಕಳ್ಳತನದಲ್ಲಿ ಬಾಗಿಲು ಒಡೆಯುವುದೇ ಇಲ್ಲ. ಕಳೆದ ವರ್ಷದ ಕೊನೆಯಲ್ಲಿ ನಿವೃತ್ತ ಎಂಜಿನಿಯರ್ ಒಬ್ಬರು ಬಂದರು, ಎಪ್ಪತ್ತು ದಾಟಿದವರು. ಬಂದವರೇ ಬಾಗಿಲು ಹಾಕಿಕೊಳ್ಳಮ್ಮ ಅಂದರು. ವಾಟ್ಸಾಪ್ ಗುಂಪೊಂದರಲ್ಲಿ ಕ್ರಿಪ್ಟೋ ವ್ಯಾಪಾರ, ಚೆಂದದ ವೆಬ್‌ಸೈಟ್, ದಿನಾ ಏರುವ ಅಂಕಿ. ನಿವೃತ್ತಿಯ ಉಳಿತಾಯ ಖಾತೆಯಾದ ಐಆರ್‌ಎಯಿಂದ ಕಂತು ಕಂತಾಗಿ 1,80,000 ಡಾಲರ್ ತೆಗೆದು ಹಾಕಿದ್ದರು. ವಾಪಸ್ ತೆಗೆಯಲು ಹೋದಾಗ "ಮೊದಲು ತೆರಿಗೆ ಕಟ್ಟಿ" ಅಂದರಂತೆ, ಆಮೇಲೆ ಸೈಟೇ ಮಾಯ.

"ನೋಡಮ್ಮ, ಮಗನಿಗೆ ಇನ್ನೂ ಹೇಳಿಲ್ಲ. ನೀನೂ ಹೇಳಬೇಡ."

"ಇಲ್ಲ ಸರ್, ನಾನು ಯಾರಿಗೂ ಹೇಳುವ ಹಾಗೇ ಇಲ್ಲ."

ಇವರಿಗೆ ದಾರಿ ಇತ್ತು. 2018ರ ಬಾಗಿಲು ಹಾಕಿದ್ದು ವೈಯಕ್ತಿಕ ವಸ್ತುಗಳ ನಷ್ಟಕ್ಕೆ. ಲಾಭದ ಉದ್ದೇಶದಿಂದ ತೊಡಗಿಸಿದ ಹಣ ಕಳವಾದರೆ ಅದು 165ನೇ ಸೆಕ್ಷನ್ನಿನ ಬೇರೆ ಕಲಮಿಗೆ ಬರುತ್ತದೆ, ಅಲ್ಲಿ 100ರ ತಡೆಯೂ ಇಲ್ಲ, ಶೇ. 10ರದೂ ಇಲ್ಲ. 2025ರ ಮಾರ್ಚ್‌ನಲ್ಲಿ ಐಆರ್‌ಎಸ್‌ನ ವಕೀಲರ ಕಚೇರಿ 202511015 ಸಂಖ್ಯೆಯ ಒಂದು ಟಿಪ್ಪಣಿ ಹೊರಡಿಸಿ ಐದು ಬಗೆಯ ಮೋಸಗಳನ್ನು ಬಿಡಿಸಿಟ್ಟಿತು. ಸುಳ್ಳು ಹೂಡಿಕೆಗೆ ಕಡಿತ ಉಂಟು. ನಿಮ್ಮ ಖಾತೆ ಅಪಾಯದಲ್ಲಿದೆ, ಹಣವನ್ನು ಬೇರೆ ಖಾತೆಗೆ ಹಾಕಿ ಅಂತ ನಂಬಿಸಿ ಹೂಡಿಕೆಯನ್ನು ಕದ್ದರೂ ಉಂಟು, ಇಮೇಲ್ ಬಲೆಯಲ್ಲಿ ಹೂಡಿಕೆ ಖಾತೆ ಖಾಲಿಯಾದರೂ ಉಂಟು. ಪ್ರೀತಿಯ ನಾಟಕವಾಡಿ ಹಣ ಕಿತ್ತುಕೊಂಡರೆ ಇಲ್ಲ. ಮೊಮ್ಮಗನನ್ನು ಅಪಹರಿಸಿದ್ದೇವೆ ಅಂತ ಹೆದರಿಸಿ ಕಿತ್ತುಕೊಂಡರೂ ಇಲ್ಲ, ಏಕೆಂದರೆ ಅಲ್ಲಿ ಲಾಭದ ಉದ್ದೇಶವಿರಲಿಲ್ಲ.

ಆಸೆಗೆ ಬಿದ್ದವರಿಗೆ ಉಂಟು, ಮಮತೆಗೆ ಬಿದ್ದವರಿಗೆ ಇಲ್ಲ. ಕಾನೂನಿನ ಅಕ್ಷರಕ್ಕೆ ಅದು ಸರಿ, ನಾನು ತಪ್ಪು ಹುಡುಕಲಾರೆ. ಆದರೆ ಮೊಮ್ಮಗನಿಗಾಗಿ ಕೈಯಲ್ಲಿದ್ದುದನ್ನೆಲ್ಲ ಕಳಿಸಿದ ಅಜ್ಜಿಗೆ ಇದನ್ನು ವಿವರಿಸುವ ಕೆಲಸ ಆ ಟಿಪ್ಪಣಿ ಬರೆದವರಿಗೆ ಬರಲಿ.

ನಮ್ಮ ಎಂಜಿನಿಯರರಿಗೆ ಕಾಗದ ಕಟ್ಟಲು ಸಮಯ ಹಿಡಿಯಿತು. ಪೊಲೀಸ್ ದೂರು, ಎಫ್‌ಬಿಐನ ಸೈಬರ್ ಅಪರಾಧ ವಿಭಾಗವಾದ ಐಸಿ3ಗೆ ಕೊಟ್ಟ ದೂರು, ಪ್ರತಿ ವರ್ಗಾವಣೆಯ ಬ್ಯಾಂಕ್ ದಾಖಲೆ, ಹಣ ಹಿಂದೆ ಬರುವ ಸಾಧ್ಯತೆ ಇಲ್ಲವೆಂದು ಬ್ಯಾಂಕಿನ ಪತ್ರ. ಕಳವು ಗೊತ್ತಾದ ವರ್ಷವೇ ಕಡಿತದ ವರ್ಷ, ಆದರೆ ವಾಪಸ್ ಬರುವ ಆಸೆ ಇನ್ನೂ ಉಳಿದಿದ್ದರೆ ಕಾಯಬೇಕು. ಪರದೆಯ ಮೇಲೆ ನಾಲ್ಕು ಲಕ್ಷ ಅಂತ ತೋರಿಸುತ್ತಿದ್ದ ಸುಳ್ಳು ಲಾಭ ಲೆಕ್ಕಕ್ಕಿಲ್ಲ, ಹಾಕಿದ ಅಸಲು ಮಾತ್ರ. ಫಾರಂ 4684ರ ಬಿ ಭಾಗದಿಂದ, ಕಡಿತಗಳನ್ನು ಎಣಿಸಿ ತೋರಿಸುವ ಷೆಡ್ಯೂಲ್ ಎಗೆ ಹೋಯಿತು. ಐಆರ್‌ಎಯಿಂದ ತೆಗೆದ 1,80,000 ಆದಾಯವಾಗಿ ಒಂದು ಕಡೆ ಬಂತು, ಕಳವು ಇನ್ನೊಂದು ಕಡೆ ಹೋಯಿತು. ಆದರೂ ಪೂರ್ತಿ ಸರಿಹೋಗಲಿಲ್ಲ. ಈ ಕಡಿತ ಎಜಿಐಯನ್ನು ತಗ್ಗಿಸುವುದಿಲ್ಲ, ಅದರ ಕೆಳಗಿನ ಸಾಲಿನಲ್ಲಿ ಬರುತ್ತದೆ. ಎಜಿಐ ಏರಿದ್ದರಿಂದ ಅವರ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯ ಹೆಚ್ಚು ಪಾಲು ತೆರಿಗೆಗೆ ಬಂತು, ಎರಡು ವರ್ಷದ ನಂತರ ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್‌ನ ಪ್ರೀಮಿಯಂ ಏರುತ್ತದೆ. ಆ ಕಾಗದ ಬಂದಾಗ ಗಾಬರಿಯಾಗಬೇಡಿ ಸರ್ ಅಂತ ಈಗಲೇ ಹೇಳಿಟ್ಟಿದ್ದೇನೆ. ಮಗನಿಗೂ ಹೇಳಿ ಅಂದೆ. ತಲೆ ಆಡಿಸಿದರು.

2026ರಿಂದ ಒಂದು ಬದಲಾವಣೆ ಮಾತ್ರ ನಿಜವಾಗಿಯೂ ಇದೆ. ಅಧ್ಯಕ್ಷರ ಘೋಷಣೆಯ ಜೊತೆಗೆ, ರಾಜ್ಯದ ಗವರ್ನರ್ ಘೋಷಿಸಿ ಖಜಾನೆ ಇಲಾಖೆಯೂ ಒಪ್ಪಿದ ವಿಪತ್ತಿನ ನಷ್ಟವೂ ಸೇರುತ್ತದೆ. ಬಿರುಗಾಳಿ, ನೆರೆ, ಭೂಕಂಪ, ಭೂಕುಸಿತ, ಹಿಮ, ಬರ, ಯಾವುದೇ ಕಾರಣದ ಬೆಂಕಿ ಅಥವಾ ಸ್ಫೋಟ, ಎಲ್ಲ ಆ ಪಟ್ಟಿಯಲ್ಲಿವೆ. ಕಳ್ಳ ಇಲ್ಲ. 500ರ ಉದಾರ ಲೆಕ್ಕ ಮಾತ್ರ 2025ರ ಸೆಪ್ಟೆಂಬರ್ 2ರೊಳಗೆ ಘೋಷಣೆಯಾದ ದೊಡ್ಡ ವಿಪತ್ತುಗಳಿಗೆ ನಿಂತಿದೆ, ಅದರಲ್ಲೂ ಜುಲೈ 4ರೊಳಗೆ ಶುರುವಾದವಕ್ಕೆ. ಕಾನೂನಿಗೆ ಸಹಿ ಬಿದ್ದ ಅದೇ ಜುಲೈ 4ರ ನಸುಕಿನಲ್ಲಿ ಗ್ವಾಡಲೂಪ್ ನದಿ ಉಕ್ಕಿ ಟೆಕ್ಸಸ್‌ನ ಕೆರ್ ಕೌಂಟಿಯನ್ನು ನುಂಗಿತ್ತು. ಅಲ್ಲಿಯವರಿಗೆ ಆ ಲೆಕ್ಕ ಸಿಗುತ್ತದೆ. ಅದರ ನಂತರದವರಿಗೆ ಮತ್ತೆ 100, ಮತ್ತೆ ಶೇ. 10.

ಅಧ್ಯಕ್ಷರು ಘೋಷಿಸಿದ ವಿಪತ್ತಿನ ನಷ್ಟವನ್ನು ಅದು ಆದ ವರ್ಷದಲ್ಲೂ ತೋರಿಸಬಹುದು, ಬೇಕಾದರೆ ಅದರ ಹಿಂದಿನ ವರ್ಷದ ರಿಟರ್ನ್‌ನಲ್ಲೂ ತೋರಿಸಬಹುದು. ಯಾವುದರಲ್ಲಿ ಲಾಭ ಅಂತ ಎರಡೂ ಮಾಡಿ ನೋಡುತ್ತೇನೆ. ಇನ್ಶೂರೆನ್ಸ್ ಇದ್ದೂ ಪ್ರೀಮಿಯಂ ಏರುತ್ತದೆ ಎಂಬ ಹೆದರಿಕೆಗೆ ಕ್ಲೇಮ್ ಮಾಡದೇ ಬಿಟ್ಟರೆ, ಅವರು ಕೊಡಬೇಕಾಗಿದ್ದ ಪಾಲಿಗೆ ಕಡಿತವಿಲ್ಲ. ಹಾಗಾಗಿ ಬರುವಾಗ ಕ್ಲೇಮಿನ ಕಾಗದ, ಪಾಲಿಸಿಯ ಮೊದಲ ಪುಟ, ರಿಪೇರಿ ಬಿಲ್ಲು, ಮನೆ ಕೊಂಡಾಗಿನ ಕ್ಲೋಸಿಂಗ್ ಕಾಗದ ತನ್ನಿ. ವಿಪತ್ತಿನ ಡಿಆರ್ ಸಂಖ್ಯೆ ನಾನೇ ಹುಡುಕಿಕೊಳ್ಳುತ್ತೇನೆ. ಒಡವೆಯ ಫೋಟೋ ಮದುವೆ ಆಲ್ಬಮ್ಮಿನದೇ ಆದರೂ ನಡೆಯುತ್ತದೆ, ತೂಕದ ಚೀಟಿ ಜೊತೆಗಿದ್ದರೆ ಒಳ್ಳೆಯದು. ಸಂಜೆ ಆರರ ಮೇಲೆ ಯಾವಾಗ ಬೇಕಾದರೂ ಬನ್ನಿ. ರಿಟರ್ನಿನ ಗಡುವಿನ ಹಿಂದಿನ ದಿನ, ಏಪ್ರಿಲ್ 14ಕ್ಕೆ, ಮಾತ್ರ ಬರಬೇಡಿ.